ಕೊನೆ ತಾರೀಖು ಮಾತ್ರ ಅಲ್ಲಾಡಲಿಲ್ಲ

ನಮ್ಮ ಸೈಟ್ ಶೆಡ್ಡಿನ ತಗಡಿಗೆ ಬೈಂಡಿಂಗ್ ವೈರಿನಿಂದ ಬಿಗಿದ ಒಂದು ಎ3 ಹಾಳೆ ಇತ್ತು. ಬಾರ್ ಚಾರ್ಟ್, ಯಾವ ಕೆಲಸ ಯಾವತ್ತು ಶುರು, ಯಾವತ್ತು ಮುಗಿತಾಯ ಅಂತ ಗೆರೆಯಲ್ಲಿ ತೋರಿಸುವ ಪಟ್ಟಿ. ಬಿಸಿಲಿಗೆ ಅದರ ನೀಲಿ ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಒಂದು ಮೂಲೆಯಲ್ಲಿ ಯಾರೋ ಸಿಮೆಂಟ್ ಚೀಲದ ಲೆಕ್ಕ ಬರೆದಿದ್ದರು, ಇನ್ನೊಂದು ಮೂಲೆಯಲ್ಲಿ ಸುಣ್ಣದ ಬೆರಳು ಒರೆಸಿದ ಗುರುತು. ತಿಂಗಳಿಗೊಮ್ಮೆ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುವುದು ನನ್ನ ಕೆಲಸ. ನನ್ನನ್ನು ಬಿಟ್ಟು ಅದನ್ನು ಯಾರೂ ಓದುವುದಿಲ್ಲ ಅಂತಲೇ ನಂಬಿದ್ದೆ.

ಮೇ 31ರ ಸಂಜೆ ಸೆಂಟ್ರಿಂಗ್ ಮೇಸ್ತ್ರಿ, ಅಂದರೆ ಕಾಂಕ್ರೀಟಿಗೆ ಅಚ್ಚು ಕಟ್ಟಿ ಕೆಳಗೆ ಜಾಕಿಯ ಆಸರೆ ನಿಲ್ಲಿಸುವವರು, ಬಂದು ಅದರ ಮುಂದೆ ನಿಂತರು. ಐವತ್ತೈದು ದಾಟಿದವರು, ನಾನು ಕಾಕಾ ಅಂತಲೇ ಕರೆಯುವುದು. ಗೆರೆಯ ಮೇಲೆ ಬೆರಳಿಟ್ಟು ಕೆಳಗಿನ ತಾರೀಖಿನವರೆಗೆ ಎಳೆದುಕೊಂಡು ಬಂದರು.

"ಸರ, ಜಾಕಿ 22ಕ್ಕ ಬಿಚ್ಚಾಕ ಶುರು ಅಂತ ಹಾಕೀರಿ. 24ಕ್ಕ ಮುಗೀತೈತಿ. ಲಿಂಗಸೂಗೂರು ಸೈಟಿನವ್ರು ಕೇಳಾಕತ್ಯಾರ್ರಿ. 25ಕ್ಕ ಕಳಸ್ತೀನಿ ಅಂತ ಮಾತು ಕೊಡ್ಲೇನು?"

"ಕೊಡ್ರಿ ಕಾಕಾ," ಅಂದೆ.

ಹಾಗೆ ಹೇಳಬಾರದಿತ್ತು ಅಂತ ಅದೇ ರಾತ್ರಿ ಹನ್ನೊಂದೂವರೆಗೆ ಗೊತ್ತಾಯಿತು.

ಸೈಟ್ ಇದ್ದದ್ದು ಸಿಂಧನೂರು ತಾಲ್ಲೂಕಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಒಡೆಯುವ ಒಂದು ವಿತರಣಾ ಕಾಲುವೆ, ಅದರ ಮೇಲೆ ಹಳ್ಳಿ ರಸ್ತೆಗೆ ಚಿಕ್ಕದೊಂದು ಸೇತುವೆ. ಎರಡು ಅಂಕಣ, ತಲಾ 7 ಮೀಟರ್. ಎರಡು ದಂಡೆಗೆ ಆಸರೆ ಗೋಡೆಯಾಗಿ ಎರಡು ಅಬಟ್‌ಮೆಂಟ್, ನಡುವೆ ಆಧಾರವಾಗಿ ಒಂದು ಪಿಯರ್, ಮೇಲೆ ಸ್ಲ್ಯಾಬ್. ಬೆಂಗಳೂರಿನಲ್ಲಿ ಎರಡು ವರ್ಷ ದೊಡ್ಡ ಕೆಲಸಗಳಲ್ಲಿ ಪ್ರಿಮಾವೆರಾ ಅನ್ನುವ ಪ್ಲಾನಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡು ಸಾವಿರಗಟ್ಟಲೆ ಆಕ್ಟಿವಿಟಿ ಎಣಿಸಿದವನಿಗೆ ಇದು ಆಟದ ಸಾಮಾನು. ಶೆಡ್ಯೂಲಿನಲ್ಲಿ ಇದ್ದದ್ದೇ 64 ಸಾಲು. ಎಂಎಸ್ ಪ್ರಾಜೆಕ್ಟ್ ಕೂಡ ಜಾಸ್ತಿಯೇ ಆಯಿತು ಅಂತ ನಗುತ್ತಿದ್ದೆ.

ಆದರೆ ಕಾಲುವೆ ಕೆಲಸಕ್ಕೆ ಬೇರೆ ಕೆಲಸಕ್ಕಿಲ್ಲದ ಒಂದು ಕಟ್ಟು ಇದೆ. ಎರಡನೇ ಬೆಳೆಗೆ ಬಿಟ್ಟ ನೀರು ಏಪ್ರಿಲ್‌ನಲ್ಲಿ ನಿಲ್ಲುತ್ತದೆ. ಮುಂಗಾರಿಗೆ ಅಣೆಕಟ್ಟಿಗೆ ನೀರು ಬಂದು, ನೀರಾವರಿ ಸಲಹಾ ಸಮಿತಿ ಸಭೆ ಸೇರಿ, ಜುಲೈ ಹೊತ್ತಿಗೆ ಮತ್ತೆ ನೀರು ಬರುತ್ತದೆ. ಒಣ ಕಾಲುವೆ ಸಿಗುವುದು ನಡುವಿನ ಆ ಎರಡೂವರೆ ತಿಂಗಳು ಅಷ್ಟೇ. ಸ್ಲ್ಯಾಬಿನ ಸೆಂಟ್ರಿಂಗ್ ನಿಲ್ಲುವುದೂ ಕಾಲುವೆಯ ಹೊಟ್ಟೆಯೊಳಗೇ. ಹಾಗಾಗಿ ಸ್ಲ್ಯಾಬ್ ಹಾಕಿದರೆ ಮುಗಿಯಲಿಲ್ಲ. ಜಾಕಿ ಬಿಚ್ಚಿ, ಮಣ್ಣು ಕಲ್ಲು ಎತ್ತಿ, ಕಾಲುವೆ ಖಾಲಿ ಮಾಡಿ ಕೊಡಬೇಕು. ನಾವು ಒಪ್ಪಿಕೊಂಡದ್ದು ಜೂನ್ 30.

ಮಾರ್ಚ್‌ನಲ್ಲಿ ಮಾಡಿದ ಮೂಲ ಪ್ಲಾನ್, ಅಂದರೆ ಬೇಸ್‌ಲೈನ್, ಹೀಗಿತ್ತು. ಏಪ್ರಿಲ್ 18ಕ್ಕೆ ಅಗೆತ ಶುರು. ಅಲ್ಲಿನದು ಎರೆ ಮಣ್ಣು, ಒಣಗಿದರೆ ಕಲ್ಲು, ನೆನೆದರೆ ಅಂಟು. ಅದಕ್ಕೆ 7 ದಿನ. ಅಡಿಪಾಯದ ಬೆಡ್ ಮತ್ತು ರಾಫ್ಟ್‌ಗೆ 10. ಅಬಟ್‌ಮೆಂಟ್, ಪಿಯರ್ ಸೇರಿ 14. ಅವುಗಳ ತಲೆಯ ಮೇಲಿನ ಕ್ಯಾಪ್‌ಗೆ 6. ಸೆಂಟ್ರಿಂಗ್ 8, ಕಂಬಿ 5. ಜೂನ್ 7ಕ್ಕೆ ಸ್ಲ್ಯಾಬ್ ಕಾಂಕ್ರೀಟ್. ಆಮೇಲೆ 14 ದಿನ ಜಾಕಿ ಮುಟ್ಟುವ ಹಾಗಿಲ್ಲ. ಬಿಚ್ಚಲು 3 ದಿನ, ಕಾಲುವೆ ತೆರವಿಗೆ 2. ಜೂನ್ 26ಕ್ಕೆ ಮುಗಿತಾಯ. ಕೈಯಲ್ಲಿ ನಾಲ್ಕು ದಿನ ಫ್ಲೋಟ್, ಅಂದರೆ ತಡವಾದರೂ ತಡೆದುಕೊಳ್ಳುವ ಬಿಡುವು. ಜಾಸ್ತಿ ಏನಲ್ಲ, ಆದರೂ ನಿದ್ದೆ ಬರುವಷ್ಟಿತ್ತು.

ಆ 14 ದಿನ ನನ್ನ ಅಂದಾಜಲ್ಲ. ಅಂಕಣ ನಾಲ್ಕೂವರೆ ಮೀಟರ್ ಮೀರಿದ ಸ್ಲ್ಯಾಬಿನ ಕೆಳಗಿನ ಆಧಾರ 14 ದಿನ ಇರಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ನಮ್ಮದು ಏಳು ಮೀಟರ್. ಕ್ಯೂಬ್ ಟೆಸ್ಟ್ ಮಾಡಿ, ಅಂದರೆ ಅದೇ ಕಾಂಕ್ರೀಟಿನ ಘನ ಒಡೆದು ನೋಡಿ, ಬಲ ಬಂದಿದೆ ಅಂತ ತೋರಿಸಿ, ಎಂಜಿನಿಯರ್ ಒಪ್ಪಿಗೆ ಪಡೆದು ಮೊದಲೇ ಬಿಚ್ಚುವವರಿದ್ದಾರೆ. ಅದು ಬೇರೆ ಮಾತು.

ಮೊದಲ ಏಟು ಬಿದ್ದದ್ದು ಕೆಲಸ ಶುರುವಾಗುವ ಮುಂಚೆಯೇ. ಏಪ್ರಿಲ್ ಎರಡನೇ ವಾರದಲ್ಲಿ ಕೊನೆ ಭಾಗದ ರೈತರು ಇನ್ನೊಂದು ವಾರ ನೀರು ಬಿಡಿ ಅಂತ ಕೂತರು. ಭತ್ತ ಹಾಲು ತುಂಬುವ ಹೊತ್ತು, ಆಗ ನೀರು ತಪ್ಪಿದರೆ ಜೊಳ್ಳು. ನೀರು ಮುಂದುವರಿಯಿತು. ಕೂತವರಲ್ಲಿ ನಮ್ಮಪ್ಪನೂ ಒಬ್ಬರು! ರಾತ್ರಿ ಊಟಕ್ಕೆ ಕೂತಾಗ ಅವರು ಗೆದ್ದ ಖುಷಿಯಲ್ಲಿದ್ದರು, ನಾನು ಏಳು ದಿನ ಕಳೆದುಕೊಂಡ ಸಂಕಟದಲ್ಲಿದ್ದೆ. "ಸೇತುವಿ ಮುಂದಿನ ವರ್ಷಾನೂ ಕಟ್ಟಬಹುದು, ಭತ್ತ ಹಂಗಲ್ಲ," ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಸೌಟು ಬದನೇಕಾಯಿ ಪಲ್ಯ ಹಾಕಿಸಿಕೊಂಡೆ.

ಅಗೆತ ಶುರುವಾದದ್ದು 25ಕ್ಕೆ. ಏಪ್ರಿಲ್ 30ರ ಅಪ್‌ಡೇಟ್‌ನಲ್ಲಿ ನಿಜವಾದ ತಾರೀಖು ಹಾಕಿದ ತಕ್ಷಣ ಗೆರೆಗಳೆಲ್ಲ ಬಲಕ್ಕೆ ಜರುಗಿದವು. ಮುಗಿತಾಯ ಜುಲೈ 3.

ಆಫೀಸಿಗೆ ಕಳಿಸಿದ ಹತ್ತು ನಿಮಿಷಕ್ಕೆ ಫೋನ್ ಬಂತು. ಯಾರ ಫೋನ್ ಅಂತ ಬರೆಯುವುದು ಬೇಡ, ಬಿಡಿ. ಮಾತು ಇಷ್ಟೇ: "ಒಳಗ ಏನರ ಮಾಡು, ಕೊನೆ ತಾರೀಖು ಅಲ್ಲಾಡಬಾರದು."

ಈ ಕೆಲಸದಲ್ಲಿರುವ ಯಾರಿಗಾದರೂ ಈ ಮಾತು ಹೊಸದಲ್ಲ. ರಾತ್ರಿ ಕೂತೆ. ಏಳು ದಿನ ಎಲ್ಲಿಂದ ತೆಗೆಯುವುದು? ಅಬಟ್‌ಮೆಂಟ್, ಪಿಯರಿಗೆ ಇನ್ನೊಂದು ಸೆಟ್ ಅಚ್ಚಿನ ಪ್ಲೇಟ್ ತಂದರೆ ಒಟ್ಟಿಗೆ ಎದ್ದಾವು ಅಂದುಕೊಂಡು 14ನ್ನು 11 ಮಾಡಿದೆ. ಮೂರು ಸಿಕ್ಕಿತು. ಇನ್ನು ನಾಲ್ಕು. ಅಲ್ಲಿ ಇಲ್ಲಿ ಕೆರೆದೆ. ಎಲ್ಲೂ ಜಾಗ ಇರಲಿಲ್ಲ. ಆಮೇಲೆ ಏನು ಮಾಡಿದೆ ಅನ್ನುವುದು ಮಾರನೇ ದಿನ ನನಗೇ ನೆನಪಿರಲಿಲ್ಲ. ನಿಜ ಹೇಳುತ್ತೇನೆ, ನೆನಪಿರಲಿಲ್ಲ. ಮುಗಿತಾಯದ ಜಾಗದಲ್ಲಿ ಜೂನ್ 26 ಅಂತ ಕಂಡಾಗ ಸೇವ್ ಮಾಡಿ ಮಲಗಿದೆ. ಆ ಹಾಳೆಯೇ ಶೆಡ್ಡಿನ ತಗಡಿಗೆ ಹೋಯಿತು.

ಮೇ ತಿಂಗಳು ಚೆನ್ನಾಗಿ ಹೋಯಿತು. ಪ್ಲೇಟ್ ಸೆಟ್ ನಿಜವಾಗಲೂ ಬಂತು. ಅಬಟ್‌ಮೆಂಟ್, ಪಿಯರ್ ಎರಡೂ 11 ದಿನದಲ್ಲಿ ಎದ್ದವು. ಕ್ಯಾಪ್ 28ಕ್ಕೆ ಮುಗಿಯಿತು. ಮೇ 31ರ ಅಪ್‌ಡೇಟ್‌ಗೆ ಕೂತಾಗ ನನಗೆ ಹಬ್ಬದ ಹುರುಪು.

ನಾನು ಹೋಲಿಸುವ ರೀತಿ ಸ್ವಲ್ಪ ಹಳೇ ಕಾಲದ್ದು. ಎರಡು ಶೆಡ್ಯೂಲ್ ಹೋಲಿಸಲು ಎಂಎಸ್ ಪ್ರಾಜೆಕ್ಟ್‌ನಲ್ಲೇ ಸೌಲಭ್ಯ ಇದೆ. ಒಂದೇ ಫೈಲಿನಲ್ಲಿ ಹನ್ನೊಂದು ಬೇಸ್‌ಲೈನ್‌ವರೆಗೆ ಉಳಿಸಿಟ್ಟುಕೊಳ್ಳಬಹುದು. ಆದರೂ ನಾನು ಎಕ್ಸೆಲ್‌ಗೆ ಎಳೆಯುತ್ತೇನೆ. ಸಾಲು ಸಾಲಾಗಿ ಕಣ್ಣಾಡಿಸಿದರೆ ಮಾತ್ರ ನನಗೆ ನಂಬಿಕೆ. ಒಂದು ಹಾಳೆಯಲ್ಲಿ ಹೋದ ತಿಂಗಳದ್ದು, ಇನ್ನೊಂದರಲ್ಲಿ ಈ ತಿಂಗಳದ್ದು, ನಡುವೆ ವಿಲುಕಪ್, ಒಂದು ಹಾಳೆಯ ಸಾಲನ್ನು ಇನ್ನೊಂದರಲ್ಲಿ ಹುಡುಕಿ ತರುವ ಎಕ್ಸೆಲ್ ಸೂತ್ರ.

ಇಲ್ಲಿ ಹೊಸಬರು ಎಡವುವ ಜಾಗ ಹೇಳಿಬಿಡುತ್ತೇನೆ. ಜೋಡಿಸಲು ಹೆಸರನ್ನು ಬಳಸಬೇಡಿ. ಒಂದು ತಿಂಗಳು 'ಪಿಯರ್ ಕ್ಯಾಪ್' ಅಂತ ಇದ್ದದ್ದು ಮುಂದಿನ ತಿಂಗಳು 'ಕ್ಯಾಪ್ ಕಾಂಕ್ರೀಟ್' ಆಗಿರುತ್ತದೆ. ಸಾಲಿನ ನಂಬರ್ ಅಂತೂ ಬೇಡವೇ ಬೇಡ, ನಡುವೆ ಒಂದು ಸಾಲು ಸೇರಿಸಿದರೆ ಕೆಳಗಿನದೆಲ್ಲ ಜರುಗುತ್ತದೆ. ಯೂನಿಕ್ ಐಡಿ ಅಂತ ಬೇರೆ ಕಾಲಮ್ ಇದೆ, ಅದು ಬದಲಾಗುವುದಿಲ್ಲ. ಅದನ್ನೇ ಹಿಡಿದುಕೊಳ್ಳಿ. ಮತ್ತೆ, ವಿಲುಕಪ್ ಎರಡೂ ದಿಕ್ಕಿನಿಂದ ಮಾಡಿ. ಹೊಸದರಿಂದ ಹಳೆಯದಕ್ಕೆ ಮಾತ್ರ ಹುಡುಕಿದರೆ ಹೊಸದಾಗಿ ಸೇರಿದ ಕೆಲಸ ಸಿಗುತ್ತದೆ, ಯಾರೋ ಸದ್ದಿಲ್ಲದೆ ಅಳಿಸಿದ ಕೆಲಸ ಸಿಗುವುದಿಲ್ಲ. ಅಳಿಸಿದ್ದು ಹೊಸ ಹಾಳೆಯಲ್ಲಿ ಇಲ್ಲವೇ ಇಲ್ಲವಲ್ಲ! ಒಂದು ಕಟ್ಟಡದ ಕೆಲಸದಲ್ಲಿ ವಾಟರ್‌ಪ್ರೂಫಿಂಗ್ ಸಾಲೇ ಹೀಗೆ ಮಾಯವಾಗಿತ್ತು. ಮೂರು ತಿಂಗಳು ಯಾರಿಗೂ ಕಾಣಲಿಲ್ಲ.

ಇನ್ನೊಂದು ವಿಷಯ, ಆಗಿಹೋದ ಕೆಲಸದ ತಾರೀಖು. ಹೋದ ತಿಂಗಳು 'ಮೇ 11ಕ್ಕೆ ಮುಗಿದಿದೆ' ಅಂತ ಬರೆದಿದ್ದರೆ ಈ ತಿಂಗಳೂ ಅದೇ ಇರಬೇಕು. ಮುಗಿದದ್ದು ಮತ್ತೆ ಮುಗಿಯುವುದಿಲ್ಲ. ಅದು ಬದಲಾಗಿದ್ದರೆ ಒಂದೋ ಮೊದಲು ಸುಳ್ಳು ಬರೆದಿದ್ದಾರೆ, ಇಲ್ಲ ಈಗ ಬರೆಯುತ್ತಿದ್ದಾರೆ. ಸ್ಟೇಟಸ್ ತಾರೀಖಿನ, ಅಂದರೆ ಲೆಕ್ಕ ಹಾಕಿದ ದಿನದ, ಹಿಂದೆ ಇನ್ನೂ ಆಗದ ಕೆಲಸದ ಗೆರೆ ಕೂತಿದ್ದರೂ ಅಷ್ಟೇ. ನಿನ್ನೆಗೆ ಹೋಗಿ ಕಾಂಕ್ರೀಟ್ ಹಾಕಲು ಆಗುತ್ತದಾ? ಆದರೆ ಗೆರೆ ಅಲ್ಲೇ ಇರುತ್ತದೆ, ನೋಡುವವರಿಗೆ ಚೆಂದ ಕಾಣುತ್ತದೆ. ಪರ್ಸೆಂಟ್ ಬಗ್ಗೆ ನಾನು ಮಾತಾಡುವುದಿಲ್ಲ. 90 ಪರ್ಸೆಂಟ್ ಆಗಿದೆ ಅಂದವರನ್ನು ಉಳಿದದ್ದಕ್ಕೆ ಎಷ್ಟು ದಿನ ಬೇಕು ಅಂತ ಕೇಳಿ, ಅಷ್ಟು ಸಾಕು.

ಸರಿ, ಆ ರಾತ್ರಿ. ಏಪ್ರಿಲ್ ಹಾಳೆಗೂ ಮೇ ಹಾಳೆಗೂ ಹೋಲಿಸಿದೆ. ವ್ಯತ್ಯಾಸದ ಕಾಲಮ್ಮಿನಲ್ಲಿ ಉದ್ದಕ್ಕೂ ಸೊನ್ನೆ. ಸೊನ್ನೆ, ಸೊನ್ನೆ, ಸೊನ್ನೆ. ಅಂದುಕೊಂಡ ಹಾಗೇ ನಡೆದಿದೆ. ಹೆಂಡತಿಯನ್ನು ಎಬ್ಬಿಸಿ ತೋರಿಸೋಣ ಅನ್ನುವಷ್ಟು ಖುಷಿ. ಸುಮ್ನೆ ಮುಚ್ಚಿಟ್ಟು ಮಲಗಬಹುದಿತ್ತು. ಮಗು ಎದ್ದು ಅತ್ತಿತು, ಅವಳು ಎತ್ತಿಕೊಂಡಳು, ನನ್ನ ನಿದ್ದೆ ಹೋಯಿತು. ಕೈ ಸುಮ್ಮನಿರದೆ ಮೂರನೇ ಕಾಲಮ್ಮಿಗೆ ಮಾರ್ಚ್‌ನ ಬೇಸ್‌ಲೈನ್ ಎಳೆದೆ.

ಸ್ಲ್ಯಾಬ್ ಕಾಂಕ್ರೀಟ್: ಬೇಸ್‌ಲೈನ್‌ನಲ್ಲಿ ಜೂನ್ 7, ಈಗ ಜೂನ್ 11. ನಾಲ್ಕು ದಿನ ತಡ. ಮುಗಿತಾಯ: ಆಗಲೂ ಜೂನ್ 26, ಈಗಲೂ ಜೂನ್ 26. ಸ್ಲ್ಯಾಬ್ ನಾಲ್ಕು ದಿನ ತಡವಾಗಿದೆ, ಸ್ಲ್ಯಾಬಿನ ನಂತರದ ಕೆಲಸ ಒಂದೂ ಶುರುವಾಗಿಲ್ಲ, ಆದರೆ ಮುಗಿಯುವ ದಿನ ಅದೇ. ಹಾಗಾದರೆ ಆ ನಾಲ್ಕು ದಿನವನ್ನು ಯಾರು ನುಂಗಿದರು?

ಕೆಳಗೆ ಬಂದೆ. ಜಾಕಿ ಬಿಚ್ಚುವ ಮುಂಚಿನ ಕಾಯುವಿಕೆ. ಬೇಸ್‌ಲೈನ್‌ನಲ್ಲಿ 14. ಏಪ್ರಿಲ್‌ನಲ್ಲಿ 10. ಮೇನಲ್ಲಿ 10.

ಫೈಲ್ ತೆರೆದವನು ನಾನೊಬ್ಬನೇ. ಕಳ್ಳ ನಾನೇ.

ಎರಡು ತಿಂಗಳ ಹಾಳೆ ಮಾತ್ರ ನೋಡಿದ್ದರೆ ಇದು ಯಾವತ್ತೂ ಕಾಣುತ್ತಿರಲಿಲ್ಲ, ಯಾಕಂದರೆ ಸುಳ್ಳು ಎರಡರಲ್ಲೂ ಒಂದೇ ಥರ ಇತ್ತು. ಏಪ್ರಿಲ್‌ನಲ್ಲಿ ಹೇಳಿದ ಸುಳ್ಳಿಗೆ ಮೇ ತಿಂಗಳು ನಿಷ್ಠೆಯಿಂದ ನಡೆದುಕೊಂಡಿತ್ತು, ಅದಕ್ಕೇ ಅಷ್ಟು ಸೊನ್ನೆ. ನಾನು ಕ್ಯೂಬ್ ಟೆಸ್ಟ್ ನೋಡಿ 10 ಮಾಡಿದ್ದಲ್ಲ, ಯಾರನ್ನೋ ಕೇಳಿ ಮಾಡಿದ್ದಲ್ಲ. ಆಗ ಸ್ಲ್ಯಾಬೂ ಇರಲಿಲ್ಲ, ಕ್ಯೂಬೂ ಇರಲಿಲ್ಲ. ನಾಲ್ಕು ದಿನ ಕಡಿಮೆ ಬಿತ್ತು ಅಂತ ಮಾಡಿದ್ದೆ. ಕಾಗದದ ಮೇಲಿನ ಆಟ, ಯಾರು ಓದುತ್ತಾರೆ ಅಂತ. ಓದುವವರು ಅವತ್ತು ಸಂಜೆಯಷ್ಟೇ ಬೆರಳಿಟ್ಟು ಓದಿ, ನನ್ನನ್ನೇ ಕೇಳಿ, ಲಿಂಗಸೂಗೂರಿಗೆ ಮಾತು ಕೊಟ್ಟಿದ್ದರು.

ಏಳು ಮೀಟರ್ ಸ್ಲ್ಯಾಬ್ ಹತ್ತು ದಿನಕ್ಕೆ ಬೀಳುತ್ತಿತ್ತಾ? ಬಹುಶಃ ಬೀಳುತ್ತಿರಲಿಲ್ಲ. ಆ 'ಬಹುಶಃ' ಇಟ್ಟುಕೊಂಡು ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಆರಕ್ಕೆ ಹೋಗಿ ಮೊದಲು ತಗಡಿನಿಂದ ಹಾಳೆ ಬಿಚ್ಚಿದೆ. ಕಾಕಾ ಚಹಾ ಕುಡಿಯುತ್ತ ಕೂತಿದ್ದರು. "ಕಾಕಾ, ಜಾಕಿ 22ಕ್ಕೆ ಬಿಚ್ಚೋದಿಲ್ಲ. ಹದಿನಾಲ್ಕು ದಿನ ಬಿಡಬೇಕು. ನಾನೇ ತಪ್ಪು ಹಾಕಿದ್ದೆ," ಅಂದೆ. ಅವರು ಲೋಟ ಕೆಳಗಿಟ್ಟರು. "ನಾನೂ ಅಂದ್ಕೊಂಡೆ ನೋಡ್ರಿ, ಹತ್ತ ದಿನಾ ಆತಲ್ಲ ಅಂತ. ಓದಿದವ್ರು ಹಾಕ್ಯಾರ, ಹೊಸಾ ಸಿಮೆಂಟ್ ಏನರ ಬಂದಿರಬೇಕು ಅಂದ್ಕೊಂಡ್ಯಾ."

ಆ ಮಾತು ಬೈಗುಳಕ್ಕಿಂತ ಜಾಸ್ತಿ ನಾಟಿತು.

ಆಫೀಸಿಗೆ ಫೋನ್ ಮಾಡಿದೆ. 14 ವಾಪಸ್ ಹಾಕಿದರೆ ಮುಗಿತಾಯ ಜೂನ್ 30, ಫ್ಲೋಟ್ ಸೊನ್ನೆ ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹತ್ತು ಹಾಕಿದ್ದು ಯಾರು?" "ನಾನೇ ಸರ್." ಮತ್ತೆ ಮೌನ. ಹಾಗೆ ಹಾಕು ಅಂತ ಅವರು ಹೇಳಿರಲಿಲ್ಲ, ನಿಜ. ಹಾಕದೆ ಬೇರೆ ದಾರಿಯೂ ಬಿಟ್ಟಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಆಡಲಿಲ್ಲ. "30 ಅಂತ ಕೊಡು. ದಾಟಬಾರದು," ಅಂದು ಇಟ್ಟರು.

ಒಂದು ಮಾತು ಹೇಳಲೇಬೇಕು. ನಮ್ಮ ಭಾಗದಲ್ಲಿ ತಡ ಅನ್ನುವುದು ಯಾರಿಗೂ ಹೊಸದಲ್ಲ. ಮುನಿರಾಬಾದ್–ಮಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಆ ಮಾರ್ಗದಲ್ಲಿ ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ರೈಲು ಬರ್ತೈತಿ ಅಂತ ಕೇಳುತ್ತಲೇ ನಾನು ಶಾಲೆ ಮುಗಿಸಿ, ಎಂಜಿನಿಯರಿಂಗ್ ಮುಗಿಸಿ, ಮದುವೆಯಾಗಿ, ತಂದೆಯೂ ಆದೆ. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತಡೆಹಲಗೆ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಒಂದು ವಾರ! ನಮ್ಮಲ್ಲಿ ಫೈಲ್ ಒಂದು ಟೇಬಲ್‌ನಿಂದ ಪಕ್ಕದ ಟೇಬಲ್‌ಗೆ ಹೋಗಲು ಅಷ್ಟು ಬೇಕು. ಅಪ್ಪ ಆ ವಾರ ಪೂರ್ತಿ ಟಿವಿ ಮುಂದಿನಿಂದ ಏಳಲಿಲ್ಲ. ನಾಟಿ ಮಾಡಿದ್ದರಲ್ಲ.

ಸೇತುವೆಗೆ ವಾಪಸ್ ಬರುತ್ತೇನೆ. ಈ ಸಲ ದಿನಗಳನ್ನು ಫೈಲಿನಲ್ಲಿ ಹುಡುಕುವ ಬದಲು ಸೈಟಿನಲ್ಲಿ ಹುಡುಕಿದೆವು. ಸೆಂಟ್ರಿಂಗ್ ಮುಗಿಯುವವರೆಗೆ ಕಾಯದೆ ಕಂಬಿಯನ್ನೆಲ್ಲ ದಂಡೆಯ ಮೇಲೆ ಬೇವಿನ ಮರದ ಕೆಳಗೇ ಕತ್ತರಿಸಿ, ಬಗ್ಗಿಸಿ, ಸೈಜಿನ ಪ್ರಕಾರ ಕಟ್ಟು ಕಟ್ಟಿ ಇಟ್ಟರು. ಸೆಂಟ್ರಿಂಗ್ ಆದಮೇಲೆ ಬರೀ ಹಾಸಿ ಕಟ್ಟುವುದು. ಐದು ದಿನದ ಕೆಲಸ ಮೂರಕ್ಕೆ ಬಂತು. ಇದು ನನ್ನ ತಲೆಯದಲ್ಲ, ಕಂಬಿ ಕೆಲಸದ ಹುಡುಗರದು. ಸ್ಲ್ಯಾಬ್ ಜೂನ್ 9ಕ್ಕೆ ಬಂತು.

8ರ ರಾತ್ರಿ ಮಿರಗದ, ಅಂದರೆ ಮೃಗಶಿರಾ ಮಳೆ ಹೊಡೆಯಿತು. ಅಪ್ಪನ ಫೋನ್, ಖುಷಿಯಲ್ಲಿ: "ಮಿರಗ ಕೂಡೇತಿ!" ಬೆಳಿಗ್ಗೆ ಹೋಗಿ ನೋಡಿದರೆ ಸೆಂಟ್ರಿಂಗ್ ತುಂಬ ನೀರು, ಮಣ್ಣಿನ ರಾಡಿ, ಬೇವಿನ ಎಲೆ. ಇಡೀ ದಿನ ಒರೆಸುವುದೇ ಆಯಿತು. 10ರ ನಸುಕಿನ ನಾಲ್ಕಕ್ಕೆ ಲೈಟ್ ಹಾಕಿಕೊಂಡು ಕಾಂಕ್ರೀಟ್ ಶುರು ಮಾಡಿದೆವು. ಮಳೆ ಬಂದರೂ ನಮ್ಮಲ್ಲಿ ಹಗಲಿನ ಕಾವು ಇಳಿದಿರಲಿಲ್ಲ, ಬಿಸಿಲೇರುವ ಮುಂಚೆ ಮುಗಿಸಬೇಕು. ಹತ್ತರ ಹೊತ್ತಿಗೆ ಮೇಲ್ಮೈ ಗೀಸುತ್ತಿದ್ದರು. ಸಂಜೆ ಗೋಣಿತಟ್ಟು ಹಾಸಿ, ಮರುದಿನ ಗದ್ದೆಗೆ ಬದು ಹಾಕಿದ ಹಾಗೆ ಸಣ್ಣ ಮಡಿ ಕಟ್ಟಿ ನೀರು ನಿಲ್ಲಿಸಿದರು. ಮಡಿ ಕಟ್ಟಿದ ಹೆಂಗಸರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಹೊಸ ಹಾಳೆಯಲ್ಲಿ ನಾನು ಮೂರು ಗೆರೆ ಎಳೆದಿದ್ದೆ, ಬೇಸ್‌ಲೈನಿನದು ತೆಳುವಾಗಿ, ಹೋದ ತಿಂಗಳದ್ದು ಬೂದಿ, ಈಗಿನದು ದಪ್ಪ ಕಪ್ಪು. ಕಾಯುವಿಕೆಯ ಗೆರೆ ಮೇಲೆ ಕೆಂಪು ಸ್ಕೆಚ್ ಪೆನ್ನಿನಿಂದ '14' ಅಂತ ಕೈಯಲ್ಲೇ ಬರೆದೆ. ಕಾಕಾ ದಿನಾ ಬೆಳಿಗ್ಗೆ ಬಂದು ಅದರ ಕೆಳಗೆ ಇದ್ದಿಲಿನಿಂದ ಒಂದೊಂದು ಗೀಟು ಹಾಕುತ್ತಿದ್ದರು. ಜೂನ್ 24ಕ್ಕೆ ಹದಿನಾಲ್ಕನೇ ಗೀಟು. 25ಕ್ಕೆ ಜಾಕಿ ಬಿಚ್ಚಲು ಶುರು, 27ಕ್ಕೆ ಮುಗಿಯಿತು. 29ರ ಸಂಜೆ ಕಾಲುವೆ ಖಾಲಿ.

ಕಾಲುವೆಗೆ ನೀರು ಬಂದದ್ದು ಜುಲೈ ಅರ್ಧ ಕಳೆದ ಮೇಲೆ. "ಸುಮ್ನ ಬಡಕೊಂಡ್ವಲ್ರಿ ಸರ," ಅಂತ ಕಾಕಾ ನಕ್ಕರು.

ಜಾಕಿಗಳು ಲಿಂಗಸೂಗೂರಿಗೆ ಹೋದದ್ದು 28ಕ್ಕೆ, ಹೇಳಿದ್ದಕ್ಕಿಂತ ಮೂರು ದಿನ ತಡವಾಗಿ. ತಿಂಗಳ ಕೊನೆಗೆ ಅಲ್ಲಿನ ಪ್ಲಾನಿಂಗ್ ಹುಡುಗ ಫೋನ್ ಮಾಡಿದ. ಅವನಿಗೆ ಮೊದಲ ಕೆಲಸ ಅದು.

"ಅಣ್ಣ, ತಡಕ್ಕೆ ಕಾರಣ ಅಂತ ಒಂದು ಕಾಲಮ್ ಐತಿ. ಏನು ಬರೀಲಿ?"

"ಇದ್ದದ್ದು ಬರಿ. ಆ ಸೈಟಿನವನು ತಪ್ಪು ತಾರೀಖು ಹಾಕಿದ್ದ ಅಂತ."

ಅವನು ಸ್ವಲ್ಪ ಹೊತ್ತು ಯೋಚಿಸಿದ. ಕೀಬೋರ್ಡ್ ಕುಟ್ಟುವ ಸದ್ದು ಕೇಳಿಸಿತು.

"ಮಳಿ ಅಂತ ಹಾಕೇನಿ ಬಿಡ್ರಿ ಅಣ್ಣ."